ಪರ್ವತಯ್ಯನವರ ಬೂಟು, ಬೋರಪ್ಪನ ಹನ್ನೊಂದು ದಿನ

ಮಧುಗಿರಿ ಬೆಟ್ಟದ ಬುಡದಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ಹಿಂದಿನ ಓಣಿಯಲ್ಲಿ, ಒಂದೂವರೆ ಕೋಣೆಯ ಸರ್ಕಾರಿ ಕಚೇರಿಯೊಂದಿತ್ತು. ಬೋರ್ಡಿನ ಮೇಲೆ ಪ್ರೊಬೇಷನ್ ಅಧಿಕಾರಿಗಳ ಕಾರ್ಯಾಲಯ ಎಂದು ಬರೆದಿದ್ದರೂ ಜನ ಅದನ್ನು ಮುಚ್ಚಳಿಕೆ ಆಫೀಸು ಎಂದೇ ಕರೆಯುತ್ತಿದ್ದರು. ಮೊದಲ ಸಲ ತಪ್ಪು ಮಾಡಿ ಸಿಕ್ಕಿಬಿದ್ದವರನ್ನು ಕೋರ್ಟು ಜೈಲಿಗೆ ಕಳಿಸದೆ, ಒಂದು ವರ್ಷ ನೆಟ್ಟಗಿರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತಿತ್ತು. ಆಮೇಲೆ ಅವರು ನೆಟ್ಟಗಿದ್ದಾರೋ ಇಲ್ಲವೋ ಎಂದು ತಿಂಗಳಿಗೊಮ್ಮೆ ಊರಿಗೇ ಹೋಗಿ ನೋಡಿ ಬರುವುದು ಈ ಕಚೇರಿಯ ಕೆಲಸ.

ಅಧಿಕಾರಿ ವೆಂಕಟರಾಮಯ್ಯನವರಿಗೆ ಉಬ್ಬಸ. ಬಸ್ಸಿನ ಹೊಗೆ ಆಗದು. ಹೀಗಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿಗೆ ಆ ಕಚೇರಿಯ ಕಾಲು ಎಂದರೆ ಸಹಾಯಕ ಪರ್ವತಯ್ಯನವರ ಎರಡು ಕಾಲು ಮಾತ್ರ. ಪರ್ವತಯ್ಯ ಹೋಗಿಬಂದು ಎರಡು ಸಾಲು ಬರೆಯುತ್ತಿದ್ದರು. ವೆಂಕಟರಾಮಯ್ಯನವರು ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಸಹಿ ಹಾಕುತ್ತಿದ್ದರು.

ಐದಡಿ ಎರಡಂಗುಲದ ಪರ್ವತಯ್ಯನವರಿಗೆ ತಮ್ಮ ಹುದ್ದೆಯ ಮೇಲೆ ಹೆಸರಿಗೆ ತಕ್ಕಷ್ಟು ಅಭಿಮಾನವಿತ್ತು. ಆದರೆ ಕಾಲ ಅವರ ಕೈಹಿಡಿದಿರಲಿಲ್ಲ. ತುರ್ತು ಪರಿಸ್ಥಿತಿಯ, ಬಲವಂತದ ಸಂತಾನಹರಣದ ದಿನಗಳಲ್ಲಿ ಕಂಕುಳಲ್ಲಿ ಫೈಲು ಇಟ್ಟುಕೊಂಡು ಹಳ್ಳಿಗೆ ಕಾಲಿಟ್ಟರೆ ಸಾಕು, ಆಪರೇಷನ್ನಿನವನು ಬಂದ ಎಂದು ಗಂಡಸರೆಲ್ಲ ಜೋಳದ ಹೊಲಕ್ಕೆ ಬೀಳುತ್ತಿದ್ದರು. ನಾಗಲಮಡಿಕೆಯಲ್ಲೊಬ್ಬಳು ಮುದುಕಿ, "ಮಾ ಇಂಟ್ಲೋ ಮೊಗವಾಳ್ಳೇ ಲೇರು ಸ್ವಾಮಿ" ಎಂದು ತೆಲುಗಿನಲ್ಲಿ, ಮನೆಯಲ್ಲಿ ಗಂಡಸರೇ ಇಲ್ಲವೆಂದು ಕೈಮುಗಿದಿದ್ದಳು. ಅವಳ ಹಿಂದೆಯೇ ಅಟ್ಟದ ಮೇಲಿಂದ ಮೂರು ಜೊತೆ ಗಂಡುಕಾಲು ಇಳಿಬಿದ್ದಿದ್ದವು.

ಇದಕ್ಕೆಲ್ಲ ತಮ್ಮ ಸವೆದ ಹವಾಯಿ ಚಪ್ಪಲಿಯೇ ಕಾರಣವೆಂದು ಪರ್ವತಯ್ಯ ತೀರ್ಮಾನಿಸಿದರು. ಎಪ್ಪತ್ತೆಂಟರ ಯುಗಾದಿಗೆ ತುಮಕೂರಿನಿಂದ ಒಂದು ಜೊತೆ ಕಂದು ಬೂಟು ತಂದರು. ಲೇಸು ಕಟ್ಟುವ ಬೂಟು, ಹಿಮ್ಮಡಿಗೆ ಲಾಳ. ಓಣಿಯ ಕಲ್ಲುಚಪ್ಪಡಿಯ ಮೇಲೆ ಟಕಟಕ ಎಂದರೆ ಕೋರ್ಟಿನ ಅಮೀನರೂ ಒಮ್ಮೆ ತಿರುಗಿ ನೋಡುತ್ತಿದ್ದರು. ಹೆಂಡತಿ ಅಶ್ವತ್ಥಮ್ಮ ಮಾತ್ರ, "ಕುದ್ರೆ ಬಂತು ಅನ್ಕೊಂಡೆ ಕಣ್ರೀ" ಎಂದಿದ್ದರು.

ಆ ಬೂಟಿನ ಮೊದಲ ದೊಡ್ಡ ಪ್ರಯಾಣ ಚಿತ್ತಯ್ಯನಹಟ್ಟಿಗೆ.

ಚಿತ್ತಯ್ಯನಹಟ್ಟಿ, ಶಿರಾ ರಸ್ತೆಯ ಬಡವನಹಳ್ಳಿಯಲ್ಲಿ ಇಳಿದು ಮೂರು ಮೈಲಿ ನಡೆದರೆ ಸಿಗುವ ಕುರಿ ಸಾಕುವ ಗೊಲ್ಲರ ಹಟ್ಟಿ. ಸುತ್ತ ಆಳೆತ್ತರದ ಕಾರೆಮುಳ್ಳಿನ ಬೇಲಿ, ಒಂದೇ ಬಾಗಿಲು. ಅಲ್ಲಿನ ಬೋರಪ್ಪ ಮೇವಿನ ಜಗಳದಲ್ಲಿ ಒಬ್ಬನ ಕೈಗೆ ದೊಣ್ಣೆಯಿಂದ ಬಾರಿಸಿ, ಮೂಳೆ ಮುರಿದು, ಮುಚ್ಚಳಿಕೆಯ ಮೇಲೆ ಹೊರಗಿದ್ದ. ಊರು ಬಿಟ್ಟು ಹೋಗಕೂಡದು, ತಿಂಗಳಿಗೊಮ್ಮೆ ಕಣ್ಣಿಗೆ ಬೀಳಬೇಕು, ತಪ್ಪಿದರೆ ಆರು ತಿಂಗಳ ಸಜೆ. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಅಣ್ಣತಮ್ಮಂದಿರೆಲ್ಲ ದೂರ ಹೋದರೂ ಅವನು ಈದ ಕುರಿಗಳನ್ನು ನೋಡಿಕೊಂಡು ಹಟ್ಟಿಯಲ್ಲೇ ಉಳಿದಿದ್ದ.

ಪರ್ವತಯ್ಯ ಬೇಲಿಯ ಬಾಗಿಲಿಗೆ ಬಂದಾಗ ಬೋರಪ್ಪನ ತಾಯಿ ಈರಕ್ಕ ಅಲ್ಲೇ ಕೂತು ಉಣ್ಣೆ ನೂಲುತ್ತಿದ್ದಳು.

"ಎಕ್ಕಡ ಅಲ್ಲೇ ಬುಟ್ಟು ಬಾರಪ್ಪ," ಎಂದಳು, ತಲೆ ಎತ್ತದೆ.

"ಇದು ಎಕ್ಕಡ ಅಲ್ಲಮ್ಮ, ಬೂಟು. ನಾನು ಕೋರ್ಟಿನ ಕಡೆಯವನು."

"ಕೋರ್ಟಾದ್ರೇನು, ಬೂಟಾದ್ರೇನು. ಬೇಲಿ ಒಳಗೆ ದ್ಯಾವ್ರವ್ನೆ. ನಾವೂ ಬುಟ್ಟೇ ಹೋಗೋದು. ವೋಟು ಕೇಳಕ್ಕೆ ಬಂದೋರೂ ಇಲ್ಲೇ ಬುಟ್ರು."

ಬೇಲಿಯ ಬುಡದಲ್ಲಿ ಸಾಲಾಗಿ ಏಳೆಂಟು ಜೊತೆ ಚರ್ಮದ ಮೆಟ್ಟು ಇದ್ದವು. ಆ ಸಾಲಿನ ಕೊನೆಗೆ ತಮ್ಮ ಲಾಳದ ಬೂಟು ನಿಲ್ಲುವುದನ್ನು ಪರ್ವತಯ್ಯ ಕಲ್ಪಿಸಿಕೊಂಡರು. ಜೊತೆಗೆ, ಎಡಗಾಲಿನ ಕಾಲುಚೀಲದ ಹೆಬ್ಬೆರಳು ಹರಿದಿತ್ತು.

"ಅವನನ್ನೇ ಹೊರಗೆ ಕಳಿಸು."

"ರೊಪ್ಪದಾಗೆ ಕುರಿ ಈಯ್ತಾ ಐತೆ ಕಣಪ್ಪ, ಮರಿ ಅಡ್ಡ ಬಂದೈತೆ. ಕೈ ಬುಟ್ಟು ಬರಂಗಿಲ್ಲ. ನೀನೇ ಬಾ, ಹತ್ತು ಹೆಜ್ಜೆ."

"ಸರ್ಕಾರ ಕುರಿ ಹತ್ತಿರ ಹೋಗಬೇಕೇನಮ್ಮ?"

"ಕುರಿಗೆ ಸರ್ಕಾರ ಅಂದ್ರೆ ಗೊತ್ತಾಗಾಕಿಲ್ಲ," ಎಂದಳು ಈರಕ್ಕ. ಅದರಲ್ಲಿ ಕೊಂಕಿತ್ತೋ ಇಲ್ಲವೋ, ಪರ್ವತಯ್ಯನವರಿಗೆ ಲಾಳದವರೆಗೂ ನಾಟಿತು. ಬೇಲಿಯಾಚೆಯಿಂದ ಬೋರಪ್ಪ ಕುರಿಯನ್ನು ಪುಸಲಾಯಿಸುವ ದನಿ ಕೇಳುತ್ತಲೇ ಇತ್ತು. ಕೇಳಿಸಿಕೊಂಡೇ ಅವರು ಹಿಂದಿರುಗಿದರು. ಕಚೇರಿಗೆ ಬಂದು ಬರೆದರು: "ಸದರಿಯವನು ಸ್ಥಳದಲ್ಲಿ ಸಿಗಲಿಲ್ಲ. ಮನೆಯವರು ಸಮರ್ಪಕ ಉತ್ತರ ಕೊಡಲಿಲ್ಲ."

ಬರೆಯುವಾಗ ಒಂದು ಕ್ಷಣ ಪೆನ್ನು ತಡೆಯಿತು. ಕಣ್ಣಿಗೆ ಕಾಣಲಿಲ್ಲ ತಾನೇ, ಹಾಗಾದರೆ ಸಿಗಲಿಲ್ಲ ಎಂದೇ ಅರ್ಥ, ಎಂದು ಪೆನ್ನಿಗೆ ಸಮಾಧಾನ ಹೇಳಿದರು.

ಮುಂದಿನ ತಿಂಗಳು ಬಡವನಹಳ್ಳಿಯಲ್ಲಿ ಇಳಿದರು, ಬಿಸಿಲು ಹೆಂಚಾಗಿತ್ತು. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಎರಡು ಲೋಟ ಟೀ ಕುಡಿದು, ಮೂರು ಮೈಲಿಯ ಧೂಳನ್ನೂ ಮುದುಕಿಯ ಬಾಯನ್ನೂ ನೆನೆದು, ವಾಪಸು ಬಸ್ಸು ಹತ್ತಿದರು. ಹಿಂದಿನ ತಿಂಗಳ ಎರಡು ಸಾಲನ್ನೇ ನಕಲು ಮಾಡಿದರು. ಅದರ ಮುಂದಿನ ತಿಂಗಳು ಬಡವನಹಳ್ಳಿಗೂ ಹೋಗಲಿಲ್ಲ.

ಮೂರು ಸಲ ಸಿಗದವನು ಊರು ಬಿಟ್ಟವನು ಎಂದು ವೆಂಕಟರಾಮಯ್ಯನವರು ಕೋರ್ಟಿಗೆ ಬರೆದರು. ವಾರಂಟು ಹೊರಟಿತು. ಊರು ಬಿಟ್ಟವನನ್ನು ಹುಡುಕಲು ಹೋದ ಪೊಲೀಸರಿಗೆ ಅವನು ಹಟ್ಟಿಯ ರೊಪ್ಪದಲ್ಲೇ, ಕಂಕುಳಲ್ಲಿ ಮರಿ ಹಿಡಿದು, ಹತ್ತು ನಿಮಿಷದಲ್ಲಿ ಸಿಕ್ಕ. ಇದು ವಿಚಿತ್ರವೆಂದು ಯಾರಿಗೂ ಅನ್ನಿಸಲಿಲ್ಲ. ವಾರಂಟಿದೆ, ಮನುಷ್ಯ ಇದ್ದಾನೆ, ಲೆಕ್ಕ ಸರಿಯಾಯಿತು. ಬೋರಪ್ಪ ಮಧುಗಿರಿ ಸಬ್‌ಜೈಲಿನಲ್ಲಿ ಹನ್ನೊಂದು ದಿನ ಕೂತ.

ಹನ್ನೆರಡನೆಯ ದಿನ ಕೋರ್ಟಿನ ಜಗಲಿಯಲ್ಲಿ ಪರ್ವತಯ್ಯ ಅವನನ್ನು ಕಂಡರು. ಪೇದೆಯ ಪಕ್ಕದಲ್ಲಿ ನಿಂತಿದ್ದವನು ಕೈ ಮುಗಿದ.

"ಸ್ವಾಮಿ, ನೀವು ಬಂದಿದ್ರಂತೆ. ನಾನು ಎದ್ದು ಬರ್ಲಿಲ್ಲ, ನಮ್ಮವ್ವ ಏನೋ ಅಂದ್ಬುಟ್ಲಂತೆ. ತೆಪ್ಪಾಯ್ತು, ಹೊಟ್ಟೆಗೆ ಹಾಕ್ಕಳ್ಳಿ. ಆವತ್ತು ಆ ಕುರಿ ಉಳೀತು. ಈಗ ನೋಡೋರಿಲ್ದೆ ಏಳು ಮರಿ ಹೋದ್ವಂತೆ."

ಸ್ವಲ್ಪ ದೂರದಲ್ಲಿ ಕಂಬಕ್ಕೊರಗಿ ಕೂತಿದ್ದ ಈರಕ್ಕ ಪರ್ವತಯ್ಯನವರ ಮುಖ ನೋಡಲಿಲ್ಲ, ಬೂಟು ನೋಡುತ್ತಿದ್ದಳು.

ಅವರು ನೇರ ಹೋಗಿ ಅಧಿಕಾರಿಗಳ ಕಿವಿಯಲ್ಲಿ ವಿಷಯ ಹೇಳಿದರು. ವೆಂಕಟರಾಮಯ್ಯನವರ ಉಬ್ಬಸ ಎದ್ದಿತು. "ಬಾಯಿ ಮುಚ್ಚಿಕೊಂಡಿರಿ ಪರ್ವತಯ್ಯ. ಸಹಿ ನನ್ನದು, ಹುಡುಗಿ ಮದುವೆ ಶ್ರಾವಣಕ್ಕೆ ಇದೆ. ಕೇಳಿದ್ದಕ್ಕೆ ಮಾತ್ರ ಉತ್ತರ."

ಮ್ಯಾಜಿಸ್ಟ್ರೇಟರು ಕೇಳಿದರು: "ಮನುಷ್ಯ ಹಟ್ಟಿಯಲ್ಲೇ ಇದ್ದ ಅಂತ ಪೊಲೀಸರು ಹೇಳ್ತಾರೆ. ನೀವು ಸಿಗಲಿಲ್ಲ ಅಂತೀರಿ. ಹೋಗಿದ್ದಿರೋ ಇಲ್ಲವೋ?"

"ಹೋಗಿದ್ದೆ ಸ್ವಾಮಿ. ಬೇಲಿಯ ತನಕ."

"ಒಳಗೆ?"

"ಬೂಟು ಬಿಚ್ಚಬೇಕಿತ್ತು ಸ್ವಾಮಿ. ಬಿಚ್ಚಲಿಲ್ಲ. ಅವನು ಒಳಗೇ ಇದ್ದ. ದನಿ ಕೇಳಿಸಿತು."

ಕೋರ್ಟಿಗೆ ಕೋರ್ಟೇ ನಕ್ಕಿತು. ವಕೀಲರು ನಕ್ಕರು, ಬೆಂಚ್ ಕ್ಲಾರ್ಕು ನಕ್ಕ, ಮ್ಯಾಜಿಸ್ಟ್ರೇಟರು ಕರವಸ್ತ್ರ ಬಾಯಿಗೆ ಹಿಡಿದರು. ಆ ನಗುವಿನಲ್ಲೇ ಮಿಕ್ಕ ಎರಡು ತಿಂಗಳ ಪ್ರಶ್ನೆ ತೇಲಿಹೋಯಿತು. ಯಾರೂ ಕೇಳಲಿಲ್ಲ, ಪರ್ವತಯ್ಯನವರೂ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಮ್ಯಾಜಿಸ್ಟ್ರೇಟರು, "ಇಷ್ಟಾದರೂ ಸತ್ಯ ಹೇಳಿದಿರಿ, ಸಂತೋಷ" ಎಂದುಬಿಟ್ಟರು. ತೆರೆದ ಬಾಯಿ ಹಾಗೇ ಮುಚ್ಚಿತು. ಬೋರಪ್ಪನಿಗೆ ಬಿಡುಗಡೆಯಾಯಿತು, ಮುಚ್ಚಳಿಕೆ ಮುಂದುವರಿಯಿತು.

ಅಂದಿನಿಂದ ಪರ್ವತಯ್ಯ ಮಧುಗಿರಿಯಲ್ಲಿ ಸತ್ಯವಂತರಾದರು. ಹೋಟೆಲಿನಲ್ಲಿ ಕೂತರೆ, "ಎದೆಗಾರ ಕಣ್ರಿ, ಕೋರ್ಟಲ್ಲಿ ತನ್ನ ತಪ್ಪು ತಾನೇ ಒಪ್ಪಿಕೊಂಡ" ಎಂದು ಪಕ್ಕದ ಮೇಜಿನವರು ಅನ್ನುತ್ತಿದ್ದರು. ತಾಲ್ಲೂಕು ಕಚೇರಿಯ ಮರುಳಸಿದ್ದಯ್ಯ ಮಗನನ್ನು ಕರೆತಂದು ಅವರ ಕಾಲಿಗೆ ಬೀಳಿಸಿದ. ಒಂದು ಕಾಲದಲ್ಲಿ ಇಂಥ ಮರ್ಯಾದೆಗಾಗಿಯೇ ಅವರು ಬೂಟು ಕೊಂಡಿದ್ದು. ಈಗ ಮರ್ಯಾದೆ ತಾನಾಗಿ ಬಂದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಅರ್ಧ ಹೇಳಿದ ಸತ್ಯ ಪೂರಾ ಸುಳ್ಳಿಗಿಂತ ಭಾರ ಎಂಬುದು ಅವರಿಗೆ ಅನ್ನದ ಮುಂದೆ ಕೂತಾಗಲೆಲ್ಲ ತಿಳಿಯುತ್ತಿತ್ತು. "ಏನ್ರೀ, ಉಪ್ಪು ಹೆಚ್ಚಾಯ್ತಾ?" ಎಂದು ಅಶ್ವತ್ಥಮ್ಮ ಕೇಳಿದರೆ, ಉಪ್ಪೇ ಹಾಕಿಲ್ಲದ ಸಾರಿಗೂ ಹೂಂ ಎನ್ನುತ್ತಿದ್ದರು.

ತಿಂಗಳು ತಪ್ಪದೆ ಚಿತ್ತಯ್ಯನಹಟ್ಟಿಗೆ ಹೋದರು. ಬೇಲಿಯ ಬಳಿ ಬೂಟು ಬಿಚ್ಚಿ, ಮೆಟ್ಟಿನ ಸಾಲಿನ ಕೊನೆಗಿಟ್ಟು, ಬರಿಗಾಲಲ್ಲಿ ಒಳಹೋಗಿ, ಬೋರಪ್ಪನನ್ನು ಕಂಡು, ಈರಕ್ಕ ಕೊಟ್ಟ ಮಜ್ಜಿಗೆ ಕುಡಿದು ಬರುತ್ತಿದ್ದರು. ಪ್ರತಿ ಸಲವೂ ಹೇಳಬೇಕೆಂದು ಹೋಗುವುದು, ಮಜ್ಜಿಗೆಯ ಜೊತೆ ಮಾತನ್ನೂ ನುಂಗಿ ಬರುವುದು. ಹೀಗೆ ಎಂಟು ಮಜ್ಜಿಗೆ ಆಯಿತು.

ಮುಚ್ಚಳಿಕೆಯ ಕೊನೆಯ ತಿಂಗಳು ಈರಕ್ಕ ಒಬ್ಬಳೇ ಇದ್ದಳು. ಪರ್ವತಯ್ಯ ಲೋಟ ಕೆಳಗಿಟ್ಟರು.

"ಅಮ್ಮ, ಒಂದು ಮಾತು. ನಾನು ಮೂರು ತಿಂಗಳು ಬಂದೆ ಅಂತ ಬರೆದಿದ್ದೆ. ಬಂದಿದ್ದು ಒಂದೇ ಸಲ."

ಈರಕ್ಕನ ಕದಿರು ತಿರುಗುತ್ತಲೇ ಇತ್ತು. "ಗೊತ್ತು ಕಣಪ್ಪ."

"ಗೊತ್ತಾ?"

"ಬೇಲಿ ಮುಂದಿನ ಮಣ್ಣಾಗೆ ಯಾರ ಕುರಿ ಹೋಯ್ತು, ಯಾರ ನಾಯಿ ಬಂತು ಅಂತ ಬೆಳಿಗ್ಗೆ ಎದ್ದು ನೋಡ್ತೀವಿ. ನಿನ್ ಬೂಟಿಗೆ ಕಬ್ಬಿಣ ಐತೆ, ಎತ್ತಿನ ಗೊರಸಿನಂಗೆ ಕೂತಿತ್ತು. ಆ ಮೂರು ತಿಂಗಳಾಗೆ ಒಂದೇ ಸಲ."

"ಮತ್ತೆ ಕೋರ್ಟಲ್ಲಿ ಯಾಕೆ ಹೇಳಲಿಲ್ಲಮ್ಮ?"

"ನನ್ನ ಯಾರು ಕೇಳಿದ್ರು? ನಿನ್ನ ಕೇಳಿದ್ರು." ಈರಕ್ಕ ನೂಲು ಸುತ್ತಿದಳು. "ನನ್ನ ತಾವ ಹೇಳಿ ಏನ್ ಬಂತು. ಜೈಲಾಗಿದ್ದೋನು ಬೋರ. ಕೆರೆ ಅಂಗಳದಾಗವ್ನೆ, ಹೋಗು."

ಪರ್ವತಯ್ಯ ಎದ್ದರು. ಬೂಟಿನ ನೆನಪಾದದ್ದು ಕೆರೆಯ ಅಂಗಳದಲ್ಲಿ, ಜಾಲಿಮುಳ್ಳು ಅಂಗಾಲಿಗೆ ಚುಚ್ಚಿದಾಗ. ಬೋರಪ್ಪ ಒಂದು ಕುರಿಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದ. ಪರ್ವತಯ್ಯ ನಿಂತೇ ಹೇಳಿದರು; ಟೀ ಅಂಗಡಿ, ಬೆಂಚು, ನಕಲು ಮಾಡಿದ ಸಾಲು, ಯಾವುದನ್ನೂ ಬಿಡಲಿಲ್ಲ. ಈ ಸಲ ನಗಲು ಯಾರೂ ಇರಲಿಲ್ಲ.

ಬೋರಪ್ಪ ಮುಳ್ಳು ಕಿತ್ತು ಎಸೆದ. ಕುರಿಯನ್ನು ಬಿಟ್ಟ. ಅದು ಮಂದೆ ಸೇರುವ ತನಕ ಅದನ್ನೇ ನೋಡಿದ.

"ಹನ್ನೊಂದು ದಿನ ಸ್ವಾಮಿ," ಎಂದ. "ಗ್ವಾಡೆ ಮ್ಯಾಲೆ ಗೀರಿ ಎಣಿಸ್ತಿದ್ದೆ. ಏನ್ ತೆಪ್ಪು ಮಾಡಿದ್ನೋ, ಯಾವ್ ದ್ಯಾವ್ರಿಗೆ ಹರಕೆ ತಪ್ಪಿದ್ನೋ ಅಂತ. ಬಂದ್ಮೇಲೆ ನಮ್ ದ್ಯಾವ್ರು ಜುಂಜಪ್ಪಂಗೆ ಒಂದು ಟಗರೂ ಬುಟ್ಟೆ."

ಪರ್ವತಯ್ಯ ಬಗ್ಗಿ ಅಂಗಾಲಿನ ಮುಳ್ಳು ಕಿತ್ತರು.

"ಇನ್ನ ನೀವು ಬರೋ ಹಂಗಿಲ್ಲ ಅಲ್ವಾ, ಮುಚ್ಚಳಿಕೆ ಮುಗೀತು," ಎಂದು ಬೋರಪ್ಪ ದೊಣ್ಣೆ ಎತ್ತಿಕೊಂಡು ಮಂದೆಯ ಹಿಂದೆ ನಡೆದ. ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಪರ್ವತಯ್ಯ ಅಂದು ರಾತ್ರಿ ಊಟ ಮಾಡುತ್ತಿದ್ದರೇನೋ.

ಮರುದಿನ ಕೊನೆಯ ವರದಿ ಬರೆದರು: "ಸದರಿಯವನನ್ನು ಸ್ಥಳದಲ್ಲಿ ಕಂಡೆ. ನಡತೆ ತೃಪ್ತಿಕರ. ಕಳೆದ ವರ್ಷದ ಎರಡನೆಯ ಹಾಗೂ ಮೂರನೆಯ ಭೇಟಿಗೆ ಸಹಾಯಕನು ಹೋಗಿರುವುದಿಲ್ಲ, ವರದಿ ಸುಳ್ಳು." ವೆಂಕಟರಾಮಯ್ಯನವರು ಆ ದಿನ ಕನ್ನಡಕ ಹುಡುಕಿದರು. ಓದಿದರು. ಕೊನೆಯ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದು, ಪಕ್ಕದಲ್ಲಿ "ಅನಗತ್ಯ" ಎಂದು ಬರೆದು, ಸಹಿ ಹಾಕಿದರು. ಪರ್ವತಯ್ಯನವರ ತಪ್ಪೊಪ್ಪಿಗೆಗೆ ಸರ್ಕಾರದಿಂದ ಬಂದ ಉತ್ತರ ಅಷ್ಟೇ.

ಎಂಬತ್ತೇಳರಲ್ಲಿ ನಿವೃತ್ತರಾಗುವ ತನಕ ಅವರು ಆ ನಾಲ್ಕು ತಾಲ್ಲೂಕನ್ನೂ ಸುತ್ತುತ್ತಲೇ ಇದ್ದರು. ಹೋಗದ ಊರಿಗೆ ಹೋದೆನೆಂದು ಮತ್ತೆ ಬರೆಯಲಿಲ್ಲ. ಶಿರಾ ಕಡೆಯ ಬಸ್ಸಿನಲ್ಲಿ ಹೋಗುವಾಗಲೆಲ್ಲ ಬಡವನಹಳ್ಳಿಯಲ್ಲಿ ಕೆಲಸವಿಲ್ಲದಿದ್ದರೂ ಇಳಿಯುತ್ತಿದ್ದರು. ಟೀ ಅಂಗಡಿಯ ಬೆಂಚಿನ ಮೇಲೆ ಕೂರದೆ, ನಿಂತೇ ಒಂದು ಲೋಟ ನೀರು ಕುಡಿದು, ಮೂರು ಮೈಲಿ ನಡೆದು, ಬೂಟು ಬೇಲಿಯ ಹೊರಗೆ ಬಿಡುತ್ತಿದ್ದರು. ಬೋರಪ್ಪ ಇದ್ದರೆ ಮಾತಾಡಿಸುತ್ತಿದ್ದ, ಇಲ್ಲದಿದ್ದರೆ ಈರಕ್ಕ. ಯಾಕೆ ಬಂದಿರಿ ಎಂದು ಇಬ್ಬರೂ ಕೇಳುತ್ತಿರಲಿಲ್ಲ.