ರತ್ನಾಕರನ ಹೆಬ್ಬೆರಳು

ಬೀಜಾಡಿಯ ರತ್ನಾಕರ ಇಪ್ಪತ್ತೆರಡು ವರ್ಷಗಳಿಂದ ದೋಣಿಗಳಿಗೆ ಬಣ್ಣ ಹೊಡೆಯುತ್ತಿದ್ದಾನೆ. ಅಳತೆಗೆ ಅವನಲ್ಲಿದ್ದದ್ದು ಬಲಗೈ ಹೆಬ್ಬೆರಳೊಂದೇ. ಕಂಪ್ರೆಸರ್ ಗನ್ನಿನ ಮೂತಿಗೆ ಅದನ್ನು ಒತ್ತಿ, ಬೆರಳನ್ನು ತಳ್ಳುವ ರಭಸದಿಂದಲೇ ಗಾಳಿ ಸಾಕೋ ಸಾಲದೋ ಹೇಳಿಬಿಡುತ್ತಿದ್ದ. ಮೀಟರ್ ನೋಡಿದವನೇ ಅಲ್ಲ.

ಈ ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಬೈಂದೂರಿನ ಚಂದು ತನ್ನ ದೋಣಿಯ ತಳಕ್ಕೆಂದು ಮಂದವಾದ ಕೆಂಪು ಬಣ್ಣ ತಂದಿಟ್ಟ. ಹಳೆಯ ಗನ್ನಿನಿಂದ ಅದು ಹೊರಗೇ ಬರಲಿಲ್ಲ. ತೆಳ್ಳಗೆ ಮಾಡಿದರೆ ಸೋರಿಹೋಯಿತು. ರತ್ನಾಕರ ತಲ್ಲೂರಿನಲ್ಲಿ ಪಂಪು ಬಾಡಿಗೆಗೆ ಕೊಡುವ ಶೇಖರನ ಬಳಿ ಹೋದ.

"ಮನಿ ಗ್ವಾಡಿಗಾರೆ ಸಣ್ ಪಂಪ್ ಸಾಕ್. ನಿಂಗೆ ಪಿಸ್ಟನ್ನಿಂದೇ ಬೇಕ್," ಎಂದ ಶೇಖರ. "ಗಾಳಿ ಅಲ್ಲ, ಬಣ್ಣವನ್ನೇ ಒತ್ತಿ ಬಿಡತ್ತ್. ಒತ್ತಡ ಮೂರ್ ಸಾವ್ರ ಪೌಂಡ್. ಪಂಪಿನ್ ಪುಸ್ತಕ ಓದ್ಕೋ."

"ನಂಗೆಂತ ಪರೀಕ್ಷಿ ಇತ್ತಾ ಮಾರಾಯಾ?"

ಪಂಪಿನ ಆಯ್ಕೆ ಸರಿಯಾಗಿಯೇ ಇತ್ತು. ಮಧ್ಯಾಹ್ನದೊಳಗೆ ದೋಣಿಯ ಒಂದು ಬದಿ ಗಾಜಿನಂತೆ ಹೊಳೆಯಿತು. ಆಮೇಲೆ ಪಂಪಿನ ಗನ್ನಿನ ಮೂತಿ ಕಟ್ಟಿಕೊಂಡಿತು. ಹೆಬ್ಬೆರಳು ಹಳೆಯ ಅಭ್ಯಾಸದಂತೆ ಹೋಗಿ ಅದನ್ನು ಒತ್ತಿತು. ಎಡಗೈಯಿಂದ ಗನ್ನಿನ ಗುಂಡಿ ಅದುಮಿದ. ಟಪ್!

ಸಾಸಿವೆಯಷ್ಟು ಚುಕ್ಕೆ. ರಕ್ತವಿಲ್ಲ, ನೋವಿಲ್ಲ.

ಆಚೆ ಬದಿ ಉಜ್ಜುತ್ತಿದ್ದ ಹೆಂಡತಿ ಸುಗುಣ ಓಡಿಬಂದಳು. "ಹ್ವಾಯ್, ಎಂತ ಆಯ್ತ್?"

"ಎಂತದೂ ಇಲ್ಲ ಮಾರಾಯ್ತಿ. ಇರುವಿ ಕಚ್ಚದಂಗ್ ಆಯ್ತ್."

ಸುಗುಣ ಬೆರಳನ್ನು ತಿರುಗಿಸಿ ನೋಡಿದಳು. ಅದು ಬಿಳಿಚಿಕೊಂಡು ಊದುತ್ತಿತ್ತು. "ಹೊರ್ಗೆ ಒಂದ್ ಹನಿ ಇಲ್ಲ. ಹಂಗಾರೆ ಬಣ್ಣ ಎಲ್ ಹೋಯ್ತ್?"

ಅವಳೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಆಸ್ಪತ್ರೆಯಲ್ಲಿ ಒಂದು ಚುಕ್ಕೆ ತೋರಿಸಲು ಅವನಿಗೆ ನಾಚಿಕೆ. ಡಾಕ್ಟರ್ ಚೇತನಾ ನಗಲಿಲ್ಲ. "ಕಾರಿನ ಚಕ್ರಕ್ಕೆ ಎಷ್ಟು ಗಾಳಿ ಹಾಕ್ತಾರೆ?"

"ಮೂವತ್ತೆರಡ್ ಪೌಂಡ್."

"ನಿಮ್ಮ ಹಳೇ ಗನ್ನಿಗೆ?"

"ನಲ್ವತ್ತೈದ್ ಅಂತ್ರ್."

"ಈ ಪಂಪಿಗೆ?"

"ಮೂರ್ ಸಾವ್ರ," ಎಂದವನು ತನ್ನ ಬೆರಳನ್ನೇ ನೋಡಿದ.

"ಬಣ್ಣ ಒಳಗಿದೆ. ಈಗಲೇ ತೆಗೆಯದಿದ್ದರೆ ಬೆರಳು ಉಳಿಯೋದಿಲ್ಲ."

ಶಸ್ತ್ರಚಿಕಿತ್ಸೆಗೆ ಮರಗಟ್ಟಿಸಿದ್ದು ಕೈಯನ್ನು ಮಾತ್ರ. ನೋಡಬೇಡಿ ಎಂದರೂ ಅವನು ಒಮ್ಮೆ ತಿರುಗಿ ನೋಡಿದ. ಬಣ್ಣ ಅಂಗೈವರೆಗೆ ಇಳಿದಿತ್ತು. ರಕ್ತವಲ್ಲ, ಚಂದುವಿನ ದೋಣಿಯದೇ ಕೆಂಪು.

ಬೆರಳು ಉಳಿಯಿತು. ಆದರೆ ಮಡಚುವುದಿಲ್ಲ, ತುದಿಗೆ ಏನೂ ತಿಳಿಯುವುದಿಲ್ಲ. ಎರಡು ತಿಂಗಳ ಬಳಿಕ ಇನ್ನೊಂದು ದೋಣಿಗೆಂದು ಅವನು ಮತ್ತೆ ಅದೇ ಪಂಪು ಕೇಳಿದಾಗ ಶೇಖರ ಬೆಚ್ಚಿದ.

"ಪಂಪ್ ಸಮ ಇತ್ತ್," ಎಂದ ರತ್ನಾಕರ. "ಪುಸ್ತಕ ಎಲ್ಲಿತ್ತ್, ಕೊಡ್."

ಆ ದಿನವೂ ಮೂತಿ ಕಟ್ಟಿತು. ಬಲಗೈ ಅರ್ಧಕ್ಕೆ ಎದ್ದು ನಿಂತಿತು. ಅವನು ಪಂಪು ನಿಲ್ಲಿಸಿ, ಒತ್ತಡ ಇಳಿಸುವ ತಿರುಪು ತೆರೆದು, ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಮುಳ್ಳು ಸೊನ್ನೆಗೆ ಬರುವವರೆಗೆ ಸುಗುಣ ಅವನ ಬಲಗೈ ಬಿಡಲಿಲ್ಲ.