ಚಾಚಾ ಹೇಳಿದಲ್ಲೇ ಉಣ್ಣಬೇಕು

ಹೋದ ವಾರ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗಾಗಿ ಕಾಯುತ್ತಿದ್ದೆ. ಪಕ್ಕದ ಗಾಡಿಯವನು ಕಾದ ಎಣ್ಣೆಗೆ ಮಿರ್ಚಿ ಬಿಟ್ಟ. ಕಡಲೆಹಿಟ್ಟು, ಅಜವಾನ, ಹಸಿಮೆಣಸಿನಕಾಯಿಯ ಘಾಟು ಒಟ್ಟಿಗೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಎದುರುಮನೆಯ ಚಾಚಾ ನೆನಪಾದರು. ಅವರ ಹಿಂದೆಯೇ ಸಿಟ್ಟೂ ಬಂತು. ತೀರಿಕೊಂಡು ಇಷ್ಟು ವರ್ಷವಾದರೂ ಒಂದು ಮಿರ್ಚಿಯನ್ನು ನೆಮ್ಮದಿಯಿಂದ ತಿನ್ನಲು ಬಿಡದ ಮನುಷ್ಯ. “ಇಲ್ಲಿ ಬ್ಯಾಡ ಬೇಟಿ, ಮುಂದ ಹೋಗು” ಎಂದು ಈಗಲೂ ಕಿವಿಯಲ್ಲಿ ಹೇಳಿದಂತಾಗುತ್ತದೆ…

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಸರಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾಗಿದ್ದರು. ಹಳೆ ಊರಿನಲ್ಲಿದ್ದ ಅವರ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಸರಕಾರ ಕೊಟ್ಟ ಈ ಸೈಟಿಗೆ ಬಂದವರು. ಬೆಳಿಗ್ಗೆ ಎದ್ದರೆ ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂರುವುದು, ಓಣಿಯಿಂದ ಹೊರಬೀಳುವ ಯಾರನ್ನೂ ಸುಮ್ಮನೆ ಬಿಡದಿರುವುದು, ಇವೆರಡೇ ಅವರ ಕೆಲಸ. ನಾನು ಹೈಸ್ಕೂಲ್ ಟೀಚರ್. ತರಬೇತಿ, ಪರೀಕ್ಷೆ, ಮೌಲ್ಯಮಾಪನ ಎಂದು ತಿಂಗಳಿಗೆ ಎರಡು ಸಲವಾದರೂ ಜಿಲ್ಲೆಯ ಯಾವುದಾದರೊಂದು ಊರಿಗೆ ಹೋಗಬೇಕಾಗುತ್ತಿತ್ತು. ಹಾಗಾಗಿ ನಾನು ಅವರಿಗೆ ಪದೇ ಪದೇ ಸಿಗುವ ಗಿರಾಕಿ.

“ಎಲ್ಲಿಗೆ ಹೊಂಟಿ ಬೇಟಿ?”

“ಹುನಗುಂದಕ್ಕ ರೀ ಚಾಚಾ. ಬಸ್ ತಪ್ಪತೈತಿ.”

“ತಪ್ಪಲಿ, ಹಿಂದ ಇನ್ನೊಂದೈತಿ. ಹುನಗುಂದದಾಗ ಎಂಟರೊಳಗ ಮುಟ್ಟಿದ್ರ ಅಷ್ಟ ಇಡ್ಲಿ ತಿನ್ನು. ಎಂಟರ ಮ್ಯಾಲ ಅದು ಇಡ್ಲಿ ಅಲ್ಲ, ಹಿಟ್ಟಿನ ಉಂಡಿ.”

ಇಳಕಲ್ಲಿಗೆ ಎಂದರೆ ಸೀರೆಯ ವಿಚಾರ ಬಿಟ್ಟು, ಮಗ್ಗದ ಓಣಿಯ ಮೂಲೆಯಲ್ಲಿ ಚುರುಮುರಿಯ ಗಿರ್ಮಿಟ್ ಮಾಡುವವನ ವಿಚಾರ. ಬಾದಾಮಿಗೆ ಎಂದರೆ ಗುಹೆಗಳ ಮಾತೇ ಇಲ್ಲ, ರೈಲ್ವೆ ಸ್ಟೇಶನ್ನಿನ ಹತ್ತಿರದ ಚಹಾದ ಮಾತು. ಶಿವಯೋಗ ಮಂದಿರಕ್ಕೆ ಹೊರಟಿದ್ದ ನನ್ನ ತಾಯಿಯನ್ನೂ ಬಿಡಲಿಲ್ಲ: “ಅಲ್ಲಿ ಹೋಟೆಲ್ ಹುಡುಕಬ್ಯಾಡ್ರಿ, ಮನಿಯಿಂದ ಬುತ್ತಿ ಒಯ್ರಿ, ಹೊಳಿ ದಂಡಿಗೆ ಕುಂತು ಉಣ್ರಿ.” ನನ್ನ ತಾಯಿ ಐವತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದವಳು.

ರಂಜಾನಿನಲ್ಲಾದರೂ ಸುಮ್ಮನಿರುತ್ತಾರೆಂದು ನಾನು ಅಂದುಕೊಂಡಿದ್ದೆ. ಇಲ್ಲ. ಮುಂಜಾನೆಯಿಂದ ಒಂದು ಹನಿ ನೀರು ಕುಡಿಯದ ಮನುಷ್ಯ, ಒಣಗಿದ ತುಟಿಯನ್ನು ಒರೆಸಿಕೊಳ್ಳುತ್ತ, ಮಿರ್ಚಿಯ ಹೊಟ್ಟೆ ಸೀಳಿ ಒಳಗೆ ಏನು ತುಂಬಬೇಕೆಂದು ನನಗೆ ಹತ್ತು ನಿಮಿಷ ಹೇಳಿದ್ದರು. ಒಳಗಿನಿಂದ ಚಾಚಿ, “ರೋಜಾ ಇದ್ದೀರಿ, ಬಾಯಿ ಮುಚ್ರಿ ಸಾಕು” ಎಂದು ಕೂಗಿದ ಮೇಲೆಯೇ ನನಗೆ ಬಿಡುಗಡೆ.

ಹೇಳಿದಷ್ಟಕ್ಕೆ ಮುಗಿಯುತ್ತಿದ್ದರೆ ನಾನೂ ಸಹಿಸಿಕೊಳ್ಳುತ್ತಿದ್ದೆ. ಸಂಜೆ ಬಂದ ಮೇಲೆ ವಿಚಾರಣೆ ಬೇರೆ. ಒಮ್ಮೆ ಹುನಗುಂದದಲ್ಲಿ ಕೈಗೆ ಸಿಕ್ಕ ಅಂಗಡಿಯಲ್ಲಿ ತಿಂದು ಬಂದು, ಅವರು ಹೇಳಿದಲ್ಲೇ ತಿಂದೆ ಎಂದೆ.

“ಚಟ್ನಿ ಯಾವ ಬಣ್ಣ ಇತ್ತು?”

“ಬಿಳಿ ರೀ.”

“ಅಂವ ಜನ್ಮದಾಗ ಬಿಳಿ ಚಟ್ನಿ ಮಾಡಿಲ್ಲ.” ಅಷ್ಟು ಹೇಳಿ ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಮುಂದಿನ ಎರಡು ದಿನ ನಾನು ‘ಬೇಟಿ’ ಅಲ್ಲ, ‘ಟೀಚರ್ರ’. “ಅರಾಮ ಅದೀರಿ ಟೀಚರ್ರ?” ಎಂದು ಬಹುವಚನದಲ್ಲಿ ಚುಚ್ಚಿದರು.

ಇದೆಲ್ಲ ನಗುವ ಸಂಗತಿ. ನಗುವಂಥದ್ದಲ್ಲದ ಒಂದು ಸಂಗತಿಯೂ ನಡೆಯಿತು.

ನನ್ನ ತಂಗಿ ನರ್ಸ್. ಅವಳಿಗೆ ಧಾರವಾಡದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ನೋಡುವ ಶಾಸ್ತ್ರ ಮುಗಿದಿತ್ತು. ಎರಡೂ ಮನೆಯವರು ಬಾದಾಮಿಯ ಬನಶಂಕರಿಗೆ ಹೋಗಿ ಬಂದು, ದಾರಿಯಲ್ಲಿ ಊಟ ಮಾಡಿ, ಮುಂದಿನ ಮಾತಾಡುವುದೆಂದು ಆಗಿತ್ತು. ನಾನು ಬಾದಾಮಿಯಲ್ಲೇ ಒಂದು ಹೋಟೆಲ್ ನೋಡಿಟ್ಟಿದ್ದೆ. ಅದು ಚಾಚಾಗೆ ಗೊತ್ತಾದದ್ದೇ ತಪ್ಪಾಯಿತು. ಮೂರು ದಿನ ಗೇಟಿನಲ್ಲಿ ಅಡ್ಡಗಟ್ಟಿದರು.

“ಆ ಟೂರಿಸ್ಟ್ ಹೋಟೆಲ್ದಾಗ ಬೀಗರಿಗೆ ಉಣ್ಣಾಕ ಹಾಕ್ತಿ? ಕುಳಗೇರಿ ಕ್ರಾಸಿನಾಗ ಒಬ್ಬಾಕಿ ಖಾನಾವಳಿ ಐತಿ. ಆಕಿ ರೊಟ್ಟಿ ತಿಂದ್ರ ಅಲ್ಲೇ ಮಾತು ಮುಗಸ್ತಾರ ನೋಡು.”

“ಫೋನ್ ಮಾಡಿ ಹೇಳೋಣೇನ್ರಿ?”

“ಫೋನ್ ಯಾಕ? ಆ ಒಲಿ ಆರಿದ್ದ ನಾ ನೋಡೇ ಇಲ್ಲ.”

ಹುಡುಗನ ತಂದೆಗೆ ಜೋಳದ ರೊಟ್ಟಿ ಇಷ್ಟವೆಂದು ಕೇಳಿದ್ದೆ. ನಾನು ಒಪ್ಪಿಕೊಂಡೆ. ಇವತ್ತಿಗೂ ನನಗೆ ಚಾಚಾನ ಮೇಲಿನಷ್ಟೇ ಸಿಟ್ಟು ನನ್ನ ಮೇಲೂ ಇದೆ.

ಮೇ ತಿಂಗಳು. ದರ್ಶನ ತಡವಾಯಿತು. ನಾನು ನೋಡಿಟ್ಟಿದ್ದ ಹೋಟೆಲ್ ದಾಟಿಕೊಂಡು ಕುಳಗೇರಿ ಕ್ರಾಸಿಗೆ ಬಂದಾಗ ಎರಡೂವರೆ. ಚಾಚಾ ಹೇಳಿದ ಗುರುತುಗಳೆಲ್ಲ ಸರಿಯಾಗಿದ್ದವು. ಖಾನಾವಳಿ ಇರಬೇಕಾದ ಜಾಗದಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. “ಆಯಿ ಬಂದ್ ಮಾಡಿ ಭಾಳ ದಿನಾ ಆತ್ರಿ” ಎಂದ ಅಂಗಡಿಯವನು. ನಾನು ಅಲ್ಲೇ ನಿಂತೆ. ಬೀಗರು ಕಾರಿನ ಗಾಜು ಇಳಿಸಿ ನನ್ನನ್ನೇ ನೋಡುತ್ತಿದ್ದರು.

ಬೇರೆ ಎಲ್ಲಿ ಎಂದು ನಾನು ಹುಡುಕುತ್ತಿರುವಾಗ ಹುಡುಗನ ತಂದೆ ಬೆವರತೊಡಗಿದರು. ಸಕ್ಕರೆ ಕಾಯಿಲೆಯವರು, ಊಟ ಈಗ ಸಿಗುತ್ತದೆಂದು ದಾರಿಯಲ್ಲೇ ಗುಳಿಗೆ ನುಂಗಿದ್ದರು. ಕೈ ನಡುಗಿತು. ಮಾತು ತೊದಲಿತು. ಬಾಗಿಲು ತೆರೆದರೆ ನನ್ನ ತೋಳಿಗೆ ವಾಲಿದರು. ತಂಗಿ ಸೀರೆ ಎತ್ತಿಕಟ್ಟಿ ರಸ್ತೆ ದಾಟಿ ಓಡಿ ಕಬ್ಬಿನ ಹಾಲು ತಂದಳು. ಅವರ ಗಲ್ಲ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಹತ್ತು ನಿಮಿಷದಲ್ಲಿ ಅವರು ಕಣ್ಣು ಸರಿಯಾಗಿ ಬಿಟ್ಟರು. ಆಮೇಲೆ ಬಾಳೆಹಣ್ಣು, ಬಿಸ್ಕಿಟು. ಅದೇ ಬೀಗರೂಟ.

ನಾಲ್ಕು ದಿನದ ಮೇಲೆ ಜಾತಕ ಕೂಡುವುದಿಲ್ಲವೆಂದು ತಿಳಿಸಿದರು. ಮೊದಲು ಕೂಡಿದ್ದ ಜಾತಕ!

ಕುಳಗೇರಿ ಕ್ರಾಸಿಗೆ ಹೋಗಿದ್ದ ದಿನವೇ ಸಂಜೆ ಮನೆಗೆ ಬಂದಾಗ ಚಾಚಾ ಗೇಟಿನಲ್ಲೇ ಇದ್ದರು. “ಏನಂದ್ರು ಬೇಟಿ? ರೊಟ್ಟಿ ಹ್ಯಾಂಗಿತ್ತು?”

ನಾನು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. “ನೀವು ಹೇಳೋ ಹೋಟೆಲ್ ಎಲ್ಲಾ ಸತ್ತು ಹೋಗ್ಯಾವ್ರಿ. ನಿಮ್ಮ ತಲಿಯೊಳಗ ಅಷ್ಟ ಅದಾವ. ಇನ್ನ ಮ್ಯಾಲ ನನಗ ಏನೂ ಹೇಳಬ್ಯಾಡ್ರಿ” ಎಂದೆ.

ಅವರು ಎದ್ದು ನಿಂತರು. “ಆ ಹಿರ್ಯಾರು ಹ್ಯಾಂಗದಾರ ಈಗ?” ಎಂದಷ್ಟೇ ಕೇಳಿದರು. ನಾನು ಬಾಗಿಲು ಹಾಕಿಕೊಂಡೆ.

ಮರುದಿನ ಕುರ್ಚಿ ಖಾಲಿ. ಅದರ ಮರುದಿನವೂ. ಬೆಳಿಗ್ಗೆ ಹಳೆಯ ಚರ್ಮದ ಚೀಲ ಹೆಗಲಿಗೆ ಹಾಕಿ, ತಲೆಗೆ ಟವೆಲ್ ಸುತ್ತಿ ಹೊರಟರೆ ಸಂಜೆಗೆ ಬರುತ್ತಿದ್ದರು; ನಮ್ಮ ಮನೆಯ ಕಡೆ ನೋಡದೆ ಒಳಗೆ ಹೋಗುತ್ತಿದ್ದರು. ಮೂರನೆಯ ದಿನ ಚಾಚಿ ನಮ್ಮಲ್ಲಿಗೆ ಬಂದರು.

“ಬಿಸಲಾಗ ಊರೂರು ತಿರಗಾಕ ಹತ್ಯಾರ. ಎಲ್ಲಾ ಹೋಟೆಲ್ ಅದಾವೋ ಇಲ್ಲೋ ನೋಡಿ ಬರ್ತೇನಿ ಅಂತಾರ. ನೀನರ ಹೇಳು.”

“ಅವರಿಗೆ ಯಾಕ ಬೇಕ್ರಿ ಚಾಚಿ ಈ ಉಸಾಬರಿ?”

“ಸರ್ವಿಸ್ ಇದ್ದಷ್ಟು ದಿನಾ ಬಸ್ ಇಳಿಯೋ ಮಂದಿ ‘ಎಲ್ಲಿ ಉಣ್ಣೂದ್ರಿ’ ಅಂತ ಇವರನ್ನ ಕೇಳ್ತಿದ್ರು. ಈಗ ಇವರನ್ನ ಯಾರು ಏನ ಕೇಳ್ತಾರ?”

ನಾನು ಹೋಗಿ ಹೇಳಲಿಲ್ಲ. ಹಠವಿತ್ತು.

ಎಂಟನೆಯ ದಿನ ಅವರೇ ಬಂದರು. ಮುಖ ಸುಟ್ಟು ಕಪ್ಪಾಗಿತ್ತು. ಒಳಗೆ ಕರೆದರೂ ಬರಲಿಲ್ಲ. “ನೀ ಹೇಳಿದ್ದು ಖರೆ ಐತಿ ಬೇಟಿ. ಅರ್ಧಕ್ಕರ್ಧ ಹೋಗ್ಯಾವ. ಗಿರ್ಮಿಟ್ಟಿನಾಂವ ತೀರಿಕೊಂಡಾನ. ಸ್ಟೇಶನ್ ಚಹಾದಾಂವ ಮಗನ ಕಡೆ ಹೋಗ್ಯಾನ…” ಆಮೇಲೆ ತಡೆದು, “ಹಳಿ ಊರು ಮುಳುಗಿದಾಗ ನಮಗ ಸೈಟ್ ಕೊಟ್ರು. ಹೋಟೆಲ್ ಯಾರು ಕಟ್ಟಿ ಕೊಡ್ತಾರ?” ಎಂದರು.

ನನ್ನ ಮನಸ್ಸು ಕರಗುತ್ತಿರುವಾಗಲೇ ಅವರು ಮುಂದುವರಿಸಿದರು: “ಕುಳಗೇರಿ ಆಕಿ ಸಿಕ್ಕಾಳ. ಮೊಣಕಾಲು ಬ್ಯಾನಿ ಅಂತ ಬಂದ್ ಮಾಡ್ಯಾಳಂತ. ನಡೆದದ್ದ ಹೇಳಿದೆ. ಭಾಳ ನೊಂದಕೊಂಡ್ಲು. ಆಯ್ತವಾರ ನಮ್ಮ ಬೇಟಿ ಬೀಗರನ್ನ ಕರಕೊಂಡು ಬರ್ತಾಳ ಅಂತ ನಿನ್ನ ಪರವಾಗಿ ಮಾತು ಕೊಟ್ಟ ಬಂದೇನಿ.”

“ಚಾಚಾ! ಆ ಸಂಬಂಧ ಮುರದೈತಿ!”

“ಹಂಗಾರ ನೀವ ಬರ್ರಿ. ಆಕಿ ಜೋಳಾ ಬೀಸಾಕ ಹಾಕ್ಯಾಳ.”

ಇಂಥವರೊಡನೆ ಏನು ಜಗಳ ಮಾಡುವುದು? ಭಾನುವಾರ ನಾನು, ತಾಯಿ, ತಂಗಿ, ಚಾಚಾ, ಚಾಚಿ ಎರಡು ಬಸ್ಸು ಬದಲಿಸಿ ಹೋದೆವು. ಕ್ರಾಸಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಮನೆ. ಆ ಅಜ್ಜಿ ಮೊಣಕಾಲು ಚಾಚಿಕೊಂಡು ಕೂತೇ ರೊಟ್ಟಿ ಬಡಿಯುತ್ತಿದ್ದಳು. ಚಾಚಾ ಊಟಕ್ಕೆ ಕೂರಲಿಲ್ಲ. ನಮ್ಮ ತಲೆಯ ಮೇಲೆ ನಿಂತು, “ಮೊದಲ ಶೇಂಗಾ ಹಿಂಡಿ ಹಚ್ಚಿಕೋ. ಮೊಸರು ಈಗ ಬ್ಯಾಡ. ಏ, ಬದನಿಕಾಯಿ ಹಂಗ ಒಡಿಬಾರದು” ಎಂದು ಶುರು ಮಾಡಿದರು. “ಒಂದ ತುತ್ತು ನೆಮ್ಮದಿಯಿಂದ ಉಣ್ಣಾಕ ಬಿಡ್ರಿ!” ಎಂದು ನಾನು ರೇಗಿದೆ. ತಂಗಿ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಸಂಬಂಧ ಮುರಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ನಿಜ ಹೇಳಬೇಕೆಂದರೆ ಎಣ್ಣೆಗಾಯಿಗೆ ಉಪ್ಪು ವಿಪರೀತವಾಗಿತ್ತು. ಕೊನೆಗೆ ಕೂತ ಚಾಚಾ ಒಂದು ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡಿದರು. ನನ್ನ ಪಕ್ಕಕ್ಕೆ ಬಗ್ಗಿ, “ಆಕಿಗೆ ಈಗ ಕಣ್ಣ ಕಾಣಂಗಿಲ್ಲ. ಚಲೋ ಐತಿ ಅನ್ನು” ಎಂದು ಪಿಸುಗುಟ್ಟಿದರು. ನಾನು ಅಂದೆ. ಅವರೂ ಅಂದರು, ನನಗಿಂತ ಜೋರಾಗಿ. ಎರಡನೆಯ ಸಲ ಹಾಕಿಸಿಕೊಂಡು ಉಂಡರು.

ಮರುವರ್ಷ ತಂಗಿಯ ಮದುವೆ ಇಳಕಲ್ಲಿನ ನೇಕಾರರ ಮನೆಯ ಹುಡುಗನೊಂದಿಗೆ ಆಯಿತು. ಅಡುಗೆಯವರನ್ನು ಯಾರು ಗೊತ್ತುಮಾಡಿದರು, ಯಾರು ಅವರ ಬೆನ್ನು ಹತ್ತಿ ಪ್ರಾಣ ತಿಂದರು ಎಂದು ಬೇರೆ ಹೇಳಬೇಕಾಗಿಲ್ಲ.

ಅದಾಗಿ ಎರಡು ವರ್ಷಕ್ಕೆ ಚಾಚಾಗೆ ಎದೆನೋವು ಬಂತು. ದವಾಖಾನೆಯಲ್ಲಿ ಅವರ ಮಗಳು ಬರುವವರೆಗೆ ನಾನು ಜೊತೆಗಿದ್ದೆ. ಒಂದಿಷ್ಟು ಚಹಾ ಕೊಡಬಹುದೆಂದು ಡಾಕ್ಟರು ಹೇಳಿದ್ದರು. ನಾನು ಎದ್ದೆ.

“ಮುಂದಿನ ಅಂಗಡ್ಯಾಗ ಬ್ಯಾಡ” ಎಂದರು, ಉಸಿರು ಎಳೆದುಕೊಳ್ಳುತ್ತ. “ಹಿಂದಿನ ಗೇಟಿಂದ ಹೊರಗ ಬೀಳು. ಬೇವಿನ ಗಿಡದ ಬುಡಕ ಒಬ್ಬಾಂವ ಅದಾನ…”

ಹೂಂ ಎಂದೆ. ಈ ಹೊತ್ತಿನಲ್ಲೂ ಇವರದು ಇದೇ ಆಯಿತಲ್ಲ ಎಂದು ಗೊಣಗುತ್ತ ಇಳಿದೆ. ಹಿಂದೆಲ್ಲಿ ಹೋಗುವುದು, ಮುಂದಿನ ಅಂಗಡಿಯಿಂದಲೇ ತಂದೆ. ಅವರು ಒಂದು ಗುಟುಕು ಕುಡಿದರು. ನನ್ನನ್ನು ನೋಡಿದರು. ಈಗ ವಿಚಾರಣೆ ಶುರುವಾಗುತ್ತದೆಂದು ಕಾದೆ. ಅವರು ಏನೂ ಕೇಳಲಿಲ್ಲ. ನಿಧಾನವಾಗಿ ಪೂರ್ತಿ ಕುಡಿದು, “ಚಲೋ ಐತಿ ಬೇಟಿ” ಎಂದರು.

ಎರಡು ದಿನದ ಮೇಲೆ ಹೋಗಿಬಿಟ್ಟರು. ಚಾಚಿ ಮಗಳ ಮನೆಗೆ ಹೋದರು. ಎದುರುಮನೆಗೆ ಬೇರೆಯವರು ಬಂದರು.

ಹೋದ ವಾರ ಕುಳಗೇರಿಯಿಂದ ಬಂದ ಮರುದಿನ ನಾನು ಆ ದವಾಖಾನೆಯ ಕಡೆ ಹೋದೆ. ಯಾಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಹಿಂದಿನ ಗೇಟಿನಿಂದ ಹೊರಬಿದ್ದೆ. ಬೇವಿನ ಗಿಡ ಇತ್ತು. ಅದರ ಬುಡದಲ್ಲಿ ಒಬ್ಬ ಮುದುಕ ಸ್ಟೋವಿನ ಮುಂದೆ ಕೂತಿದ್ದ. ಒಂದು ಚಹಾ ಹೇಳಿದೆ. ಹಸಿಶುಂಠಿ ಜಜ್ಜಿ ಹಾಕಿ, ಹಾಲು ಉಕ್ಕುವವರೆಗೆ ಕಾಯಿಸಿ ಕೊಟ್ಟ. ಅಂಥ ಚಹಾ ನಾನು ಬಾಗಲಕೋಟೆಯಲ್ಲಿ ಕುಡಿದಿರಲಿಲ್ಲ.

ತಿರುಗಿ ನೋಡಿದೆ. ಚಾಚಾ ಮಲಗಿದ್ದ ವಾರ್ಡಿನ ಕಿಟಕಿ ಅಲ್ಲಿಗೇ ಕಾಣುತ್ತಿತ್ತು. ಮೆಟ್ಟಿಲಿಳಿದು ಬಂದರೆ ಒಂದು ನಿಮಿಷದ ದಾರಿ. ಇಷ್ಟು ಹತ್ತಿರ ಎಂದು ಅವರಾದರೂ ಹೇಳಬಾರದಿತ್ತೇ ಎಂದು ಹಾಳು ಸಿಟ್ಟು ಉಕ್ಕಿತು… ಅವರು ಹೇಳುತ್ತಲೇ ಇದ್ದರು. ನಾನು ಪೂರ್ತಿ ಕೇಳದೆ ಮೆಟ್ಟಿಲಿಳಿದಿದ್ದೆ.