ಇನ್ನೊಮ್ಮಿ ಹೇಳ್ರಿ

ನನ್ನ ಕಿವಿಗೆ ಯಾವ ದೋಷವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಶಹಾಪುರದ ಹತ್ತಿರ ಕಾಲುವೆ ಕ್ಯಾಂಪಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದಷ್ಟು ಕಾಲವೂ ನಾನು ಕಿವುಡನೆಂದೇ ಹೆಸರಾಗಿದ್ದೆ.

ಕೆಲಸ ಅಂಥ ದೊಡ್ಡದಲ್ಲ. ಬೆಳಿಗ್ಗೆ ಮತ್ತು ಸಂಜೆ ಹುಣಸಗಿ ಕಡೆಯ ಗೇಟಿನ ಆಪರೇಟರ್ ಭೀಮರಾಯರು ಕಾಲುವೆಯಲ್ಲಿ ನೀರು ಎಷ್ಟಿದೆ ಎಂದು ವೈರ್‌ಲೆಸ್ ಸೆಟ್ಟಿನಲ್ಲಿ ಹೇಳುತ್ತಿದ್ದರು. ನಾನು ಅದನ್ನು ಕ್ಯಾಂಪಿನ ಸಾಹೇಬರಿಗೆ ಮುಟ್ಟಿಸುತ್ತಿದ್ದೆ. ಕಾಲುವೆ ಅಗೆದು ಮುಗಿದ ಮೇಲೆ ಎಂಜಿನಿಯರುಗಳೆಲ್ಲ ಸಂಸಾರ ಕಟ್ಟಿಕೊಂಡು ಬೇರೆ ಕಡೆ ಹೋಗಿದ್ದರು. ಖಾಲಿ ಕ್ವಾರ್ಟರ್ಸುಗಳ ಬಾಗಿಲ ತನಕ ಜಾಲಿ ಬೆಳೆದಿತ್ತು. ಸಾಹೇಬರೂ ಉಳಿದವರೂ ಸಂಜೆ ಜೀಪು ಹತ್ತಿ ಊರು ಸೇರಿದರೆ ಅಲ್ಲಿ ನಾನು, ನಾನೇ ಸುಟ್ಟ ರೊಟ್ಟಿ ಮತ್ತು ಆ ಸೆಟ್ಟು. ಮದುವೆಯೂ ಆಗಿರಲಿಲ್ಲ. ಯಾರೂ ಹೆಸರು ಹಿಡಿದು ಕರೆಯದ ದಿನಗಳಲ್ಲಿ ನಾನೇ ನನ್ನ ಹೆಸರು ಕೂಗಿ, ನಾನೇ "ಏನ್ರಿ?" ಎಂದು ಓಗೊಡುತ್ತಿದ್ದೆ.

ಸೆಟ್ಟಿನಲ್ಲಿ ಹರಟುವಂತಿರಲಿಲ್ಲ. "ಸರ್ಕಾರಿ ಸೆಟ್ ಐತಿ, ನಿಮ್ಮ ಮನಿ ಕಟ್ಟಿ ಅಲ್ಲ. ನೀರಿನ ಮಾತಷ್ಟ ಆಡ್ರಿ" ಎಂದು ಸಾಹೇಬರು ಎಚ್ಚರಿಸಿದ್ದರು. ಹಾಗಾಗಿ ಭೀಮರಾಯರು ಲೆಕ್ಕ ಒಪ್ಪಿಸಿದೊಡನೆ ನಾನು, "ಕೇಳ್ಸಲಿಲ್ರಿ, ಇನ್ನೊಮ್ಮಿ ಹೇಳ್ರಿ" ಎನ್ನುತ್ತಿದ್ದೆ. ಚೆನ್ನಾಗಿಯೇ ಕೇಳಿಸಿರುತ್ತಿತ್ತು. ಆದರೆ ನೀರಿನ ಮಾತನ್ನು ಎಷ್ಟು ಸಲ ಆಡಿದರೂ ಅದು ನೀರಿನ ಮಾತೇ ತಾನೆ? ಅವರು ಬೇಸರವಿಲ್ಲದೆ ಮತ್ತೆ ಹೇಳುತ್ತಿದ್ದರು. ಹಿಂದೆ ಎಲ್ಲೋ ಮೇಕೆ ಅರಚುತ್ತಿತ್ತು. ಆ ಎರಡನೆಯ ಸಲದ ದನಿಯೇ ನನ್ನ ರಾತ್ರಿಯ ರೊಟ್ಟಿಗೆ ಚಟ್ನಿ.

ಸಾಹೇಬರಿಗೆ ನನ್ನ ಕಿವಿಯ ಮೇಲೆ ಅನುಮಾನ ಬಂದು ಯಾದಗಿರಿಯ ಕಿವಿ ಡಾಕ್ಟರರ ಬಳಿ ಕಳಿಸಿದರು. ಡಾಕ್ಟರರು ಒಳಗೆಲ್ಲ ಇಣುಕಿ, "ಕಿವಿ ಮಸ್ತ್ ಅದಾವಲ್ರಿ! ತ್ರಾಸ್ ಎಲ್ಲೈತಿ?" ಎಂದರು. ಎಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸಲು ನನಗೆ ಬರಲಿಲ್ಲ.

ಹುಣಸಗಿಗೆ ಬಸ್ಸಿತ್ತು, ಹೋಗಿ ಭೇಟಿಯಾಗಬಹುದಿತ್ತು. ಎದುರಿಗೆ ಕೂತಾಗ ನೀರಿನ ಮಾತು ಬಿಟ್ಟು ಇಬ್ಬರಿಗೂ ಬೇರೇನೂ ಹೊಳೆಯದಿದ್ದರೆ ಎಂದು ಅಂಜಿಕೆಯಾಗಿ ಹೋಗಲಿಲ್ಲ.

ರೇಡಿಯೋವನ್ನು ಮೊದಲು ಕಂಡುಹಿಡಿದವರು ಯಾರೆಂದು ದೇಶದೇಶಗಳ ನಡುವೆ ಇನ್ನೂ ತಕರಾರಿದೆಯಂತೆ. ಯಾರೇ ಆಗಲಿ, ಅವನಷ್ಟು ಒಂಟಿ ಮನುಷ್ಯ ಇನ್ನೊಬ್ಬನಿರಲಾರ ಎಂದು ಕ್ಯಾಂಪಿನಲ್ಲಿ ಕೂತ ನನಗೆ ಅನ್ನಿಸುತ್ತಿತ್ತು. ಲೋಕದ ಮೊದಲ ರೇಡಿಯೋ ಅವನ ಕೈಯಲ್ಲಿದೆ, ಕೇಳಲು ಆ ಕಡೆ ಇನ್ನೊಂದಿಲ್ಲ! ಅದನ್ನೂ ಪಾಪ ಅವನೇ ಮಾಡಬೇಕು. ಅಂಥವರಲ್ಲೊಬ್ಬ, ಇನ್ನೂ ಹರೆಯದವನು, ಅಣ್ಣನನ್ನು ಗುಡ್ಡದಾಚೆ ನಿಲ್ಲಿಸಿ, ಸಂಕೇತ ಮುಟ್ಟಿದರೆ ಬಂದೂಕು ಹಾರಿಸು ಎಂದಿದ್ದನೆಂದು ಓದಿದ್ದೇನೆ. ಪುಸ್ತಕಗಳು ಆ ಬಂದೂಕಿನ ಸದ್ದನ್ನು ಕೊಂಡಾಡುತ್ತವೆ. ನನಗೆ ಸಂಕಟವಾಗುವುದು ಸಂಕೇತ ಕಳಿಸಿದ ಮೇಲೆ, ಸದ್ದು ಬರುವ ಮೊದಲು, ಅವನು ಗುಡ್ಡ ನೋಡುತ್ತ ನಿಂತಿದ್ದನ್ನು ನೆನೆದಾಗ.

ಮುಂದೆ ಮೊಬೈಲು ಬಂತು. ಗೇಟಿನ ಲೆಕ್ಕ ನೇರ ಸಾಹೇಬರಿಗೇ ಹೋಗತೊಡಗಿದರೆ ನಡುವೆ ನಾನೇಕೆ? ಸೆಟ್ಟು ಬಿಚ್ಚಲು ಆದೇಶವಾಯಿತು, ನನ್ನನ್ನು ಸುರಪುರದ ಕಚೇರಿಗೆ ಹಾಕಿದರು. ಭೀಮರಾಯರ ದನಿ ಇನ್ನು ಕೇಳಿಸದು ಎಂಬುದೊಂದೇ ನನ್ನನ್ನು ಕೊರೆಯುತ್ತಿತ್ತು.

ಕೊನೆಯ ದಿನ ಸಾಹೇಬರೂ ಸೆಟ್ಟು ಬಿಚ್ಚುವವರೂ ನನ್ನ ಪಕ್ಕದಲ್ಲೇ ನಿಂತಿದ್ದರು. ಭೀಮರಾಯರು ಲೆಕ್ಕ ಹೇಳಿದರು. ಅಷ್ಟು ಜನರೆದುರು ಕಿವುಡನಾಗಲು ಧೈರ್ಯ ಸಾಲದೆ, "ಕೇಳಿಸ್ತ್ರಿ" ಎಂದುಬಿಟ್ಟೆ.

ಆ ಕಡೆ ಬರೀ ಗರಗರ. ಆಮೇಲೆ ಅವರ ದನಿ: "ಇರ್ಲಿ ಬಿಡ್ರಿ, ಇನ್ನೊಮ್ಮಿ ಹೇಳ್ತೀನಿ."

ಮೊದಲಿನಿಂದ, ನಿಧಾನವಾಗಿ, ಎಲ್ಲವನ್ನೂ ಮತ್ತೆ ಹೇಳಿದರು. ಇಷ್ಟು ವರ್ಷವೂ ಅವರಿಗೆ ಗೊತ್ತಿತ್ತು. ಗುಡ್ಡದಾಚೆ ಬಂದೂಕು ಹಾರಿತ್ತು.

ಪಕ್ಕದಲ್ಲಿ ಸಾಹೇಬರು ಏನೋ ಅಂದರು. ಆ ಒಂದು ಸಲ ನನಗೆ ನಿಜವಾಗಿಯೂ ಕೇಳಿಸಲಿಲ್ಲ.